ಉಡಿಯೊಳಗಿನ ಹತ್ತು ಪೈಸೆ

ಪಲ್ಲವಿ, ಬಸು, ನೀವು ಕತೆ ಕೇಳಿದಾಗಲೆಲ್ಲ ನಿಮ್ಮ ಅಜ್ಜಿಯಾದ ನಾನು ‘ನಾಳೆ’ ಎಂದು ತಪ್ಪಿಸಿಕೊಂಡಿದ್ದೇನೆ. ಬಾಯಿಂದ ಹೇಳುವುದು ನನಗೆ ಬರುವುದಿಲ್ಲ. ಅದಕ್ಕೇ ಮಧ್ಯಾಹ್ನದ ಹೊತ್ತು ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಎರಡು ಸಾಲಿಗೊಮ್ಮೆ ಬೆರಳು ಬಿಡಿಸಿಕೊಳ್ಳಬೇಕಾಗುತ್ತದೆ.

ನಾನು ಚಿಕ್ಕವಳಿದ್ದಾಗ, ಮಾದನಹಿಪ್ಪರಗಾದ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದೆ. ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಮೂರನೆಯ ಬಾರಿ ಬಸುರಿಯಾಗಿದ್ದಳು. ಅವಳನ್ನು ಗೊಬ್ಬೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಕಳಿಸುವುದು ರೂಢಿ, ಮೂರನೆಯದಕ್ಕೆ ಯಾರೂ ಕಳಿಸುತ್ತಿರಲಿಲ್ಲ. ಅವ್ವ ಎರಡು ಸಲ ಗೊಬ್ಬೂರಿಗೆ ಹೋಗಿ ಅಂಗಲಾಚಿದ ಮೇಲೆ ಅಕ್ಕನ ಅತ್ತೆ ಒಪ್ಪಿದರು. ಇಬ್ಬರು ಹೆಣ್ಣುಮಕ್ಕಳನ್ನು ಅವರ ಅಪ್ಪನ ಹತ್ತಿರ ಬಿಟ್ಟು ತಾವೇ ಅಕ್ಕನನ್ನು ಕರೆದುಕೊಂಡು ಬಂದರು. ಉಡಿ ತುಂಬುವುದನ್ನು ನೋಡಿ, ಮಧ್ಯಾಹ್ನದ ಬಸ್ಸಿಗೆ ಅವರೊಬ್ಬರೇ ಮರಳುವುದೆಂದು ಮಾತಾಗಿತ್ತು.

ಬಸ್ಸಿನಿಂದ ಇಳಿದ ಅಕ್ಕ ಹೊಸ್ತಿಲು ದಾಟಿದವಳೇ ಗೋಡೆಗೆ ಒರಗಿ ಕುಳಿತಳು. ಅವಳ ಪಾದಗಳು ಊದಿ ಕಾಲುಂಗುರ ಚರ್ಮದೊಳಗೆ ಹೂತುಹೋಗಿದ್ದವು. ತುಟಿ ಒಣಗಿತ್ತು. ನಾನು ಕೊಟ್ಟ ತಂಬಿಗೆಯ ನೀರನ್ನು ಅರ್ಧ ಕುಡಿದು, ಇನ್ನರ್ಧ ಕುಡಿಯಲು ಕೈ ಎತ್ತಲಾರದೆ ತೊಡೆಯ ಮೇಲಿಟ್ಟುಕೊಂಡಳು.

ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಕುಬಸದ ಬಟ್ಟೆ ಜೋಡಿಸುವುದು ನನ್ನ ಕೆಲಸ. ಅವ್ವ ಕೊಟ್ಟ ನಾಲ್ಕಾಣೆಯನ್ನು ಕೊನೆಗೆ ಅಕ್ಕಿಯ ಮೇಲಿಡಬೇಕಿತ್ತು. ಅದು ಎಷ್ಟೋ ಕೈ ದಾಟಿ ಸವೆದು ಮಂಕಾಗಿತ್ತು. ನನ್ನ ಹತ್ತಿರ ಹೊಸ ಹತ್ತು ಪೈಸೆ ಇತ್ತು. ಹಗುರ, ಬೆಳ್ಳಗೆ, ಅಂಚು ಹೂವಿನ ಎಸಳಿನ ಹಾಗೆ. ಬೇರೆ ನಾಣ್ಯಗಳಲ್ಲಿ ಬೆಲೆಯನ್ನು ದೊಡ್ಡದಾಗಿ ಬರೆದಿರುವ ಕಡೆ ಇದರಲ್ಲಿ ಅಪ್ಪ, ಅವ್ವ, ಇಬ್ಬರು ಮಕ್ಕಳ ಚಿತ್ರವಿತ್ತು. ನನಗೆ ಅದು ಅಕ್ಕನ ಮನೆಯಂತೆಯೇ ಕಂಡಿತು. ನಾಲ್ಕಾಣೆ ತೆಗೆದು ಅದನ್ನಿಟ್ಟೆ.

ಅವ್ವ ಅಕ್ಕನ ಸೆರಗಿಗೆ ಅಕ್ಕಿ ಸುರಿದಳು. ನಾಣ್ಯ ಮೇಲೆಯೇ ನಿಂತಿತು. ಅತ್ತೆ ಬಗ್ಗಿ ಅದನ್ನೆತ್ತಿ ಬೆಳಕಿಗೆ ಹಿಡಿದರು.

“ಇದೇನ್ರೀ ಬೀಗ್ತಿ? ಆಸ್ಪತ್ರಿ ಗ್ವಾಡಿ ಮ್ಯಾಲೆ ಬರದಾರಲ್ಲ, ಎರಡು ಸಾಕು ಅಂತ, ಅದಾ ಚಿತ್ರ! ಇದು ರೊಕ್ಕಲ್ಲ, ಆಪರೇಷನ್ ಮಾಡೋರು ಹಂಚೋ ಬಿಲ್ಲಿ. ಇದನ್ನ ಉಡ್ಯಾಗ ತಗೊಂಡ್ರ ನಮ್ಮ ಸೊಸಿ ಹೆಸರು ಬರ್ಕೊಂಡು ಹೋಗ್ತಾರ!”

ಇಂದು ನಿಮಗೆ ನಗು ಬರಬಹುದು. ಆಗ ಜೀಪಿನ ಸಪ್ಪಳ ಕೇಳಿದರೆ, ಮಕ್ಕಳಾಗದ ಆಪರೇಷನ್‌ಗೆ ಹಿಡಿದೊಯ್ಯುತ್ತಾರೆಂದು ಗಂಡಸರು ಹೊಲಕ್ಕೆ ಓಡುತ್ತಿದ್ದ ಕಾಲ.

“ನಮಗೊಂದು ಗಂಡು ಬೇಕು ಅಂತ ನಾ ದೇವರಿಗೆ ಹರಕಿ ಹೊತ್ತೀನಿ. ನೀವು ಉಡ್ಯಾಗ ಎರಡು ಸಾಕು ಅಂತ ಹಾಕಾಕತ್ತೀರಿ. ಏಳಬೇ, ಗಂಟು ಕಟ್ಟು. ಬಂದ ಬಸ್ಸಿಗೇ ಹೋಗೂಣು.”

ಅಕ್ಕ ಏಳಲು ಗೋಡೆ ಹಿಡಿದಳು. ಅಪ್ಪ ಓಡಿಹೋಗಿ ಎದುರು ಮನೆಯಲ್ಲಿದ್ದ ನಮ್ಮ ಶಾಲೆಯ ಮಾಸ್ತರರನ್ನು ಕರೆತಂದ. ಅವರು ಕನ್ನಡಕ ಏರಿಸಿ ನಾಣ್ಯವನ್ನು ತಿರುಗಿಸಿದರು.

“ಖರೇ ರೊಕ್ಕ ಅದ ಯವ್ವ. ನಾಣ್ಯ ಮನಸಿಗೆ ಬಂದಂಗ ಹೊಡ್ಯಾಕ ಬರಂಗಿಲ್ಲ, ಅದಕ್ಕ ಕಾಯ್ದೆ ಅದ. ಈ ಮಗ್ಗಲಾ ನೋಡ್ರಿ, ಮೂರು ಸಿಂಹ. ದೇಶದ ಹೆಸರು ಅದ, ಬೆಲಿ ಅದ. ಇವು ತಪ್ಪಂಗಿಲ್ಲ. ಒಮ್ಮೊಮ್ಮೆ ಮಂದಿಗೆ ಏನರ ತಿಳಿಸಬೇಕಂದ್ರ ಸರ್ಕಾರ ಆ ಇನ್ನೊಂದು ಮಗ್ಗಲಾ ಬ್ಯಾರೆ ಚಿತ್ರ ಹಾಕಾಕ ಅಪ್ಪಣಿ ಕೊಡ್ತದ. ಅಷ್ಟಾ ವಿನಾಯಿತಿ. ಬಿಲ್ಲಿ ಆಗಿದ್ರ ಸಿಂಹ ಎಲ್ಲಿಂದ ಬರ್ತಿತ್ತು?”

“ನಿಜಾಮರ ರೊಕ್ಕದಾಗ ಚಾರಮಿನಾರ ಇತ್ತು ಮಾಸ್ತರ,” ಎಂದರು ಅತ್ತೆ. “ಎಷ್ಟು ಹಡೀಬೇಕು ಅಂತ ಅದು ಯಾರಿಗೂ ಹೇಳ್ತಿರ್ಲಿಲ್ಲ. ಮತ್ತ ಇದರಾಗ ಕನ್ನಡ ಯಾಕಿಲ್ಲ?”

“ಆ ವಿನಾಯಿತಿ ಇನ್ನಾ ಯಾರೂ ಕೊಟ್ಟಿಲ್ರಿ,” ಎಂದು ಮಾಸ್ತರರು ನಕ್ಕರು. ಬೇರೆ ಯಾರೂ ನಗಲಿಲ್ಲ.

“ರೊಕ್ಕ ಖರೇ ಇರ್ಲಿ. ಉಡ್ಯಾಗ ಇಟ್ಟೋರ ಮನಸು ಹ್ಯಾಂತದ್ದು, ಅದು ಹೇಳ್ರಿ.”

ಅವ್ವನಿಗೆ ಏನೂ ಗೊತ್ತಿರಲಿಲ್ಲ. ನಾನು ಬಾಗಿಲ ಹಿಂದಿದ್ದೆ. ಹೇಗೆ ಹೊರಗೆ ಬಂದೆನೋ ತಿಳಿಯದು.

“ನಾನಾ ಇಟ್ಟೀನ್ರಿ. ಅವ್ವಗ ಗೊತ್ತಿಲ್ರಿ. ಅಕ್ಕ, ಮಾವ, ಇಬ್ಬರು ಹುಡುಗ್ಯಾರು ಅದಾರ ಅಂತ ಚಂದ ಕಾಣ್ತುರಿ.”

“ಹೊಟ್ಟ್ಯಾಗ ಇರೋದು ಎಲ್ಲದ ಅದರಾಗ?”

ಆಗ ಅಕ್ಕ ಗೋಡೆ ಬಿಟ್ಟು ಮೆಲ್ಲಗೆ ಕೆಳಗೆ ಕುಳಿತಳು. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು.

“ಅತ್ತಿ, ಗಂಡರ ಆಗ್ಲಿ ಹೆಣ್ಣರ ಆಗ್ಲಿ, ಹಡೀತೇನಿ. ಆದ್ರ ಇವತ್ತು ನನಗ ಏಳಾಕ ಆಗವಲ್ದು. ನನ್ನ ಮಲಗಾಕ ಬಿಡ್ರಿ.”

ಹೊರಗೆ ಎಮ್ಮೆ ಬಾಲದಿಂದ ನೊಣ ಹೊಡೆದುಕೊಳ್ಳುವುದು ಕೇಳುತ್ತಿತ್ತು. ಅತ್ತೆ ಅಕ್ಕನ ಊದಿದ ಪಾದಗಳನ್ನು ಬಹಳ ಹೊತ್ತು ನೋಡಿದರು. ಅವರ ಮುಖದ ಸಿಟ್ಟು ಇಳಿದು, ಅದರ ಕೆಳಗೆ ಅಕ್ಕನ ಮುಖದಲ್ಲಿದ್ದ ದಣಿವೇ ಕಂಡಿತು.

“ನಾ ಏಳು ಹಡದೀನಿ,” ಎಂದರು, ಯಾರಿಗೂ ಅಲ್ಲ ಎನ್ನುವಂತೆ. “ಮೂರು ಉಳದಾವ. ಒಂದಿನಾನೂ ಯಾರೂ ನನಗ ಮಲಗು ಅಂದಿಲ್ಲ.”

ಆಮೇಲೆ ತಾವೇ ಕಂಬಳಿ ಹಾಸಿ, ಅಕ್ಕನ ಉಡಿಯ ಗಂಟನ್ನು ಬಿಡಿಸಿ ದೇವರ ಜಗಲಿಯ ಮೇಲೆ ಇಟ್ಟು, “ಮಲಗು” ಎಂದರು. ಅವ್ವನಿಗೆ, “ಹೆರಿಗಿ ಆಗಿ ಮೂರು ತಿಂಗಳು ಇರ್ಲಿ ಬೀಗ್ತಿ. ನಡುವ ಕರ್ಯಾಕ ಬರಂಗಿಲ್ಲ” ಎಂದರು. ಊಟಕ್ಕೆ ಕೂರಲಿಲ್ಲ. ಆ ಹತ್ತು ಪೈಸೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಹೊರಟರು. ಟಿಕೆಟ್ಟಿಗೆ ಕೊಟ್ಟಾಗ ಕಂಡಕ್ಟರ್ ತಿರುಗಿಸಿಯೂ ನೋಡಲಿಲ್ಲವೆಂದು ಮುಂದೆ ತಾವೇ ಹೇಳಿದರು. ಅಕ್ಕ ಮಾತ್ರ ಅಂದು ಮಲಗಿದವಳು ಮರುದಿನ ಬಿಸಿಲೇರುವವರೆಗೆ ಏಳಲಿಲ್ಲ. ಅವ್ವ ಎರಡು ಸಲ ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು.

ಮಕ್ಕಳೇ, ನೀವು ಅಂಗಡಿಯಲ್ಲಿ ಫೋನು ತೋರಿಸಿ ಬರುತ್ತೀರಿ, ನಾಣ್ಯದ ಮೇಲೆ ಏನಿರಬೇಕೆಂಬ ಕಾಯ್ದೆ ನಿಮಗೆ ಬೇಕಾಗಿಲ್ಲ. ಬಸು ಹೊಟ್ಟೆಯಲ್ಲಿದ್ದಾಗ ನಿಮ್ಮ ಅವ್ವ ಒಂದು ದಿನ “ನನಗ ಸಾಕಾಗೇದ” ಎಂದು ಬಾಗಿಲು ಹಾಕಿಕೊಂಡು ಮಲಗಿದಳು. ನಿಮ್ಮ ಅಪ್ಪ ಕುಕ್ಕರ್ ಇಟ್ಟ. ಅದನ್ನು ಯಾರೂ ದೊಡ್ಡ ಮಾತು ಮಾಡಲಿಲ್ಲ. ನಾನು ಹೊರಗೆ ಕುಳಿತು ಅವಳ ಬಾಗಿಲನ್ನೇ ನೋಡುತ್ತಿದ್ದೆ. ಅಷ್ಟನ್ನು ಹೇಳಲು ಅಕ್ಕನಿಗೆ ಎರಡು ಹೆರಿಗೆಯಾಗಬೇಕಾಯಿತು. ನಾನಂತೂ ನನ್ನ ಗಂಡನ ಮನೆಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಈ ಹಾಳೆಗಳನ್ನು ನಿಮ್ಮ ಶಾಲೆಯ ಹಳೆಯ ಪುಸ್ತಕಗಳೊಂದಿಗೆ ರದ್ದಿಗೆ ಹಾಕಬೇಡಿ. ಪಲ್ಲವಿ, ನೀನು ಇಟ್ಟುಕೋ. ಯಾವಾಗಲಾದರೂ ಏಳಲಾಗದಷ್ಟು ದಣಿದ ದಿನ ತೆಗೆದು ಓದು. ಓದಿ, ಮಲಗು.