ಅಲುಗಿದ ಕಾಲು

ಅಳಿಯ ಎಂಥ ಡಾಕ್ಟರು ಎಂದು ಊರವರಿಗೆ ತಿಳಿಸಿ ಹೇಳುವಷ್ಟರಲ್ಲಿ ಕೋಡಿಯ ಕುಷ್ಟನ ಗಂಟಲು ಒಣಗುತ್ತಿತ್ತು. ಹಲ್ಲಿನ ಡಾಕ್ಟರು ಎಂದರೆ ಜನಕ್ಕೆ ಗೊತ್ತು, ಹೆರಿಗೆ ಡಾಕ್ಟರು ಎಂದರೆ ಗೊತ್ತು. ಇದು ಹಾಗಲ್ಲವಲ್ಲ. ಕುಷ್ಟ ಮೀನಿನ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿದು ಬೋಟು ನಡೆಸುವವನು. ಗಂಗೊಳ್ಳಿ ಬಂದರಿನಲ್ಲಿ ಮೀನು ಇಳಿಸಿ ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಸಾಕು, ಅದೇ ಬೋಟಿನ ಗಣಪ ಕೆಣಕಲು ಶುರುಮಾಡುತ್ತಿದ್ದ.

"ಹ್ವಾಯ್ ಕುಷ್ಟಣ್ಣ, ನಿಮ್ಮ್ ಅಳಿಯ ಎಕ್ಸ್‌ರೇ ತೆಗುದಂಬ್ರಲೆ? ಅದ್ಕೆ ಇಷ್ಟ್ ವರ್ಷ ಓದುಕಿತ್ತಾ?"

"ನಿಂಗೆಂತ ಗೊತ್ತಿತ್ ಮಾರಾಯಾ," ಎಂದು ಕುಷ್ಟ ಗ್ಲಾಸು ಕೆಳಗಿಡುತ್ತಿದ್ದ. "ಕೊಯ್ಯುದಿಲ್ಲ, ಹೊಲಿಯುದಿಲ್ಲ. ತೊಡಿಯಂಗೆ ಒಂದ್ ಸಣ್ಣ ಒಟ್ಟೆ ಮಾಡಿ, ರಕ್ತದ ನಾಳದೊಳಗೆ ತಂತಿ ಹಾಕಿ, ಟೀವಿ ಕಂಡ್ಕಂಡೇ ಸರಿ ಮಾಡುದ್. ಮಂಡೆಗ್ ಬೇಕಾರೂ ಹೋಪುಕಾತ್ತ್, ಕಾಲಿಗ್ ಬೇಕಾರೂ ಹೋಪುಕಾತ್ತ್."

ಇಂಟರ್ವೆನ್ಷನಲ್ ರೇಡಿಯಾಲಜಿ ಎಂಬ ಹೆಸರು ಅವನ ಬಾಯಲ್ಲಿ ಪೂರ್ತಿ ಹೊರಳುತ್ತಿರಲಿಲ್ಲ. ತಂತಿ ಡಾಕ್ಟ್ರಿಕೆ ಎಂದು ತಾನೇ ಒಂದು ಹೆಸರಿಟ್ಟುಕೊಂಡಿದ್ದ. ಕಡಲ ಕಡೆಯ ನಮ್ಮ ಜನಕ್ಕೆ ಬಡಾಯಿ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಷ್ಟ ಮೀನಿನ ವಿಷಯದಲ್ಲಿ ಬಡಾಯಿ ಕೊಚ್ಚಿದವನಲ್ಲ, ಬೋಟಿನ ವಿಷಯದಲ್ಲೂ ಇಲ್ಲ. ಎಲ್ಲ ಸೇರಿಸಿ ಅಳಿಯನ ಮೇಲೆ ಕೊಚ್ಚುತ್ತಿದ್ದ.

ಅಳಿಯ ಎಂದರೆ ತಂಗಿ ಸರಸಳ ಮಗ ಜಿತೇಂದ್ರ. ಸರಸಳ ಗಂಡ ಮುಂಬಯಿಯ ಹೋಟೆಲು ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕುಷ್ಟ ಮದುವೆಯ ಮಾತನ್ನು ಮುಂದೂಡುತ್ತ ಮುಂದೂಡುತ್ತ ಕೊನೆಗೆ ಮರೆತೇಬಿಟ್ಟ. ಮಾವನ ಆಸ್ತಿ ಅಳಿಯನಿಗೆ ಸೇರುವ ಅಳಿಯಕಟ್ಟು ಕಾನೂನಿನಿಂದ ಹೋಗಿ ಎಷ್ಟು ಕಾಲವಾದರೇನು, ತಂಗಿಯ ಮಗನೇ ಮನೆಯ ಮಗ ಎಂಬುದು ಅವನ ರಕ್ತದಲ್ಲಿತ್ತು. ತೊಂಬತ್ತೇಳರಲ್ಲಿ ಜಿತೇಂದ್ರ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗನಾದಾಗ ಕುಷ್ಟ ಅವನಿಗೆ ಒಂದು ಮಾತು ಹೇಳಿದ್ದ: "ನೀ ಕಡ್ಲಿಗ್ ಬಪ್ದ್ ಬ್ಯಾಡ." ಆ ಮಾತನ್ನು ನಡೆಸಿಕೊಡಲು ತಾನು ಮಾತ್ರ ಕಡಲು ಬಿಡಲಿಲ್ಲ.

ಹುಡುಗ ಎಂ.ಬಿ.ಬಿ.ಎಸ್. ಮುಗಿಸಿದ, ರೇಡಿಯಾಲಜಿಯಲ್ಲಿ ಎಂ.ಡಿ. ಮುಗಿಸಿದ. ಇನ್ನು ಕುಂದಾಪುರದಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರ್ ಇಟ್ಟು ಕೂರುತ್ತಾನೆ ಎಂದುಕೊಂಡರೆ, ಮತ್ತೆರಡು ವರ್ಷ ಓದುತ್ತೇನೆ ಎಂದ.

"ಇಷ್ಟ್ ದಿನ ಕಾಂಬುದ್ ಮಾತ್ರ ಕಲ್ತದ್ದ್ ಮಾವ. ಸರಿ ಮಾಡುದ್ ಇನ್ನೂ ಕಲಿಲಿಲ್ಲ."

ಕುಷ್ಟನಿಗೆ ಈ ಮಾತು ಬಹಳ ಹಿಡಿಸಿತು. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಆ ವಿಭಾಗಕ್ಕೆ ಇದ್ದದ್ದು ಒಂದೇ ಸೀಟು. ಅದು ಕೋಡಿಯ ಹುಡುಗನಿಗೆ ಸಿಕ್ಕಿತು. ಆ ವಾರವಿಡೀ ಕುಷ್ಟ ಚಹಾದಂಗಡಿಯಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ.

ಅಳಿಯನ ಓದಿನ ಎರಡನೆಯ ವರ್ಷ ಕುಷ್ಟನ ಬಲಗಾಲು ಕೈಕೊಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಂಡಿದ ಹಾಗೆ ನೋವು, ನಿಂತರೆ ಸರಿ. ಹೆಬ್ಬೆರಳಿನಲ್ಲಿ ಆದ ಗಾಯ ಮಾಯಲೊಲ್ಲದು. ಬೀಡಿಯ ಕೃಪೆಯಿಂದ ರಕ್ತನಾಳ ಕಟ್ಟಿಕೊಂಡಿದೆ, ಮಣಿಪಾಲಕ್ಕೆ ಹೋಗಿ ಎಂದರು ಕುಂದಾಪುರದ ಡಾಕ್ಟರು. ಕುಷ್ಟನಿಗೆ ಒಳಗೊಳಗೇ ಖುಷಿಯಾಯಿತು ಎಂದರೆ ನೀವು ನಗಬಹುದು. ಅಳಿಯ ಕಲಿತ ವಿದ್ಯೆಗೆ ಸರಿಯಾಗಿ ಹೊಂದುವ ಕಾಯಿಲೆಯೇ ತನಗೆ ಬಂದಿದೆಯಲ್ಲ! ತಂಗಿಯನ್ನು ಕರೆದುಕೊಂಡು ಕೊಂಕಣ ರೈಲು ಹತ್ತಿದ.

ಮುಂಬಯಿಯಲ್ಲಿ ಜಿತೇಂದ್ರ ಎಲ್ಲ ಪರೀಕ್ಷೆ ಮಾಡಿಸಿದ. ತಂತಿ ಹಾಕಿ ನಾಳ ಬಿಡಿಸಬಹುದು ಎಂದ. "ನಮ್ಮ್ ಪ್ರೊಫೆಸರೇ ಮಾಡ್ತ್ರ್ ಮಾವ. ಅವ್ರ ಕೈ ಚಿನ್ನದಂಥಾ ಕೈ."

"ಅವ್ರ್ ಎಂತಕೆ? ನೀನೇ ಮಾಡ್."

"ಮನೆಯವ್ರಿಗೆ ನಾವ್ ಮಾಡುಕಾಗ. ಇಲ್ಲಿ ಹಾಂಗೊಂದ್ ನಿಯಮ ಇತ್ತ್. ಸಿಕ್ಕಿಬಿದ್ರೆ ನನ್ನ ಹೊರಗ್ ಹಾಕ್ತ್ರ್."

"ನಾನ್ ನಿನ್ ಮಾವ ಅಂದೇಳಿ ನನ್ ಹಣೆ ಮೇಲ್ ಬರ್ದಿತ್ತಾ?" ಎಂದ ಕುಷ್ಟ. "ಬೇರೆಯವ್ರ ಕೈಯಂಗೆ ಮಾಡಿಸ್ಕಂಡ್ ಊರಿಗ್ ಹೋದ್ರೆ ಗಣಪ ಎಂತ ಹೇಳ್ತ? ಇಷ್ಟ್ ವರ್ಷ ನಾನ್ ಹೇಳಿದ್ದೆಲ್ಲ ಸುಳ್ಳಾ?"

ಬೇಡವೆಂದು ಮತ್ತೂ ಹೇಳಬಹುದಿತ್ತು ಜಿತೇಂದ್ರ. ಆದರೆ ಈ ಮಾವನಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ತನ್ನ ಕೈ ಕುದುರಿದೆ ಎಂಬ ಹೆಮ್ಮೆಯೂ ಒಂದಿಷ್ಟು ಇತ್ತು ಎನ್ನಿ. ಎರಡನೆಯ ವರ್ಷದವರ ಕೈಗೆ ತಂತಿ ಕೊಟ್ಟು ಪ್ರೊಫೆಸರು ಪಕ್ಕದಲ್ಲಿ ನಿಂತು ಮಾಡಿಸುವುದು ಅಲ್ಲಿಯ ಕ್ರಮ. ಕುಷ್ಟ ಊರ ಕಡೆಯ ಒಬ್ಬ ರೋಗಿ ಎಂದಷ್ಟೇ ಹೇಳಿದರು. ತಂದೆಯ ಹೆಸರಿನಲ್ಲಿ ನಂಟು ಹುಡುಕುವ ಊರಿನಲ್ಲಿ ತಾಯಿಯ ಅಣ್ಣನ ಗುರುತು ಯಾರಿಗೆ ಸಿಗಬೇಕು?

ಈ ಚಿಕಿತ್ಸೆಯಲ್ಲಿ ಮೈಮರೆಸುವುದಿಲ್ಲ. ತಂತಿ ಹಾಕುವ ಜಾಗ ಮಾತ್ರ ಜೋಮು ಹಿಡಿಯಲು ತೊಡೆಸಂದಿಗೆ ಒಂದು ಇಂಜೆಕ್ಷನ್, ಅಷ್ಟೆ. ಕುಷ್ಟ ಕಣ್ಣು ಬಿಟ್ಟುಕೊಂಡು ಮೇಜಿನ ಮೇಲೆ ಮಲಗಿದ್ದ. ಪ್ರೊಫೆಸರು ಹಿಂದಿಯಲ್ಲಿ ಅವನಿಗೆ ತಿಳಿಸಿ ಹೇಳಿದರು. ಔಷಧಿ ಬಿಟ್ಟು ತೆಗೆದ ನಾಳದ ಚಿತ್ರ ತೆರೆಯ ಮೇಲೆ ನಿಂತಿರುತ್ತದೆ, ಆ ಚಿತ್ರದ ದಾರಿ ಹಿಡಿದು ತಂತಿ ಹೋಗಬೇಕು, ಕಾಲು ಅಲುಗಿದರೆ ಚಿತ್ರ ಒಂದು ಕಡೆ ಕಾಲು ಒಂದು ಕಡೆ ಆಗಿ ತಂತಿ ದಾರಿ ತಪ್ಪುತ್ತದೆ. ಮೊದಲೆಲ್ಲ ಮುಂಬಯಿಯ ಬೋಟುಗಳಲ್ಲಿ ದುಡಿದ ಕುಷ್ಟನಿಗೆ ಹಿಂದಿ ಚೆನ್ನಾಗಿಯೇ ತಿಳಿಯುತ್ತಿತ್ತು. ಅವನು ಕೊರಡಿನ ಹಾಗೆ ಬಿದ್ದುಕೊಂಡ. ಕೆಮ್ಮು ಬಂದದ್ದನ್ನೂ ನುಂಗಿದ.

ಅಳಿಯ ಸೀಸದ ಕೋಟು ತೊಟ್ಟು ಪಕ್ಕದಲ್ಲಿ ನಿಂತಿದ್ದ. ಮುಖಗವುಸಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. ಚೆನ್ನಾಗಿ ನಡೆಯಿತು, ಬಹಳ ಹೊತ್ತು ಚೆನ್ನಾಗಿಯೇ ನಡೆಯಿತು. ಪ್ರೊಫೆಸರು ಹಳೆಯ ಚಿತ್ರವನ್ನೊಮ್ಮೆ ನೋಡಿ ಬರುತ್ತೇನೆ, ಅಲ್ಲೇ ನಿಲ್ಲಿಸಿರು ಎಂದು ಗಾಜಿನ ಕೋಣೆಯೊಳಗೆ ಹೋದರು. ಜಿತೇಂದ್ರ ನಿಲ್ಲಿಸಲಿಲ್ಲ. ಕಟ್ಟಿಕೊಂಡ ಕೊನೆಯ ಜಾಗ ಇನ್ನೊಮ್ಮೆ ತಳ್ಳಿದರೆ ಬಿಟ್ಟುಕೊಳ್ಳುತ್ತದೆ ಎಂದು ಅವನಿಗೆ ಅನಿಸಿರಬೇಕು. ಮಾವನ ಮುಖ ನೋಡಿದ, ಮುಂದಕ್ಕೆ ತಳ್ಳಿದ. ಕುಷ್ಟನ ಕಾಲಿನೊಳಗೆ ಬಿಸಿನೀರು ಹೊಯ್ದ ಹಾಗಾಯಿತು. ಆದರೂ ಅವನು ಅಲುಗಲಿಲ್ಲ.

ಪ್ರೊಫೆಸರು ಓಡಿ ಬಂದರು. ತೆರೆಯ ಮೇಲೆ ನಾಳದ ಹೊರಗೆ ಕಪ್ಪು ಹರಡುತ್ತಿತ್ತು. ಜಿತೇಂದ್ರನನ್ನು ಸರಿಸಿ ತಾವೇ ನಿಂತು ಏನೇನೋ ಮಾಡಿದರು. ಕೊನೆಗೆ ಕೈಗವುಸು ಕಳಚುತ್ತ ಇಂಗ್ಲಿಷಿನಲ್ಲಿ ಅವನನ್ನು ಏನೋ ಕೇಳಿದರು. ಅವನು ನೆಲ ನೋಡುತ್ತ ನಿಂತ. ಆಗ ಅವರು ಕುಷ್ಟನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು.

"ಕಾಲು ಅಲುಗಿಸಿದಿರಾ?"

ಹದಿಮೂರು ವರ್ಷದ ಓದು ಆ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಕುಷ್ಟ ಹೆಚ್ಚು ಯೋಚಿಸಲಿಲ್ಲ.

"ಹೌದು ಸಾಹೇಬರೇ," ಎಂದ. "ತಡೆಯಲಾಗಲಿಲ್ಲ, ಎಳೆದುಬಿಟ್ಟೆ."

ಸೋರಿದ ರಕ್ತ ಒಳಗೇ ಕಟ್ಟಿ ಕಾಲು ಊದಿತು, ಕಪ್ಪಾಯಿತು. ಕೆಲವೇ ದಿನಗಳಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ರೋಗಿ ಅಲುಗಿದ್ದರಿಂದ ಹೀಗಾಯಿತು ಎಂದು ತೀರ್ಮಾನವಾಯಿತು, ಜಿತೇಂದ್ರನ ಮೈಮೇಲೆ ಏನೂ ಬರಲಿಲ್ಲ. ವಾರ್ಡಿನಲ್ಲಿ ಸರಸ ಅಣ್ಣನ ತಲೆಯ ಹತ್ತಿರ ಕೂತು ಅತ್ತಳು, ಅತ್ತು ಮುಗಿದ ಮೇಲೆ ಬೈದಳು.

"ಸುಮ್ನೆ ಮನಿಕಂಬುಕೂ ಆಯ್ಲಿಲ್ಯಾ ಅಣ್ಣ ನಿಂಗೆ? ಹೈದನ ಹೆಸ್ರ್ ಹಾಳಾಪುದಿತ್ತಲೆ!"

ಕುಷ್ಟ ಗೋಡೆಯ ಕಡೆ ತಿರುಗಿದ. ತಂಗಿಗೂ ನಿಜ ಹೇಳಲಿಲ್ಲ. ಹೇಳಿದರೆ ಅದು ಇಬ್ಬರ ಗುಟ್ಟಾಗಿ ಉಳಿಯುವುದಿಲ್ಲ ಎಂದು ಅವನ ಲೆಕ್ಕ. ಅವನಿಗೆ ಬೇಕಾಗಿದ್ದದ್ದು ಒಂದೇ. ಅಳಿಯ ಯಾರೂ ಇಲ್ಲದಾಗ ಬಂದು, ಮಾವ, ನೀನು ಅಲುಗಲಿಲ್ಲ ಎಂದು ಒಂದು ಸಲ ಹೇಳಬೇಕು. ಹೊರಗಿನವರ ಮುಂದೆ ಬೇಡ. ತನ್ನ ಕಿವಿಗೆ ಮಾತ್ರ ಸಾಕು. ಕಾಲು ಹೋದ ದುಃಖವನ್ನು ಅವನು ಅಷ್ಟರಲ್ಲೇ ತೀರಿಸಿಕೊಳ್ಳುವವನಿದ್ದ.

ಜಿತೇಂದ್ರ ದಿನಾ ಬಂದು ಗಾಯ ನೋಡಿದ, ಡ್ರೆಸ್ಸಿಂಗ್ ಬದಲಿಸಿದ. ಒಂದು ದಿನ "ಮಾವ, ಅವತ್ತ್..." ಎಂದು ಶುರುಮಾಡಿದ. ಕುಷ್ಟ ದಿಂಬಿನಿಂದ ತಲೆ ಎತ್ತಿದ. ನರ್ಸು ಬಂದಳು, ಮಾತು ಅಲ್ಲಿಗೇ ನಿಂತಿತು. ಹೋಗಲಿ, ಇನ್ನೊಂದು ದಿನ ಹೇಳುತ್ತಾನೆ ಎಂದುಕೊಂಡ ಮಾವ.

ಇನ್ನೊಂದು ದಿನ ಬರಲಿಲ್ಲ. ಜಿತೇಂದ್ರ ಓದು ಮುಗಿಸಿ ಪಕ್ಕದ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ, ಒಳ್ಳೆಯ ಹೆಸರನ್ನೂ ತೆಗೆದ. ಅವನು ದೂರವಾದ ಎಂದು ದೂರುವಂತೆಯೂ ಇರಲಿಲ್ಲ. ಭಾನುವಾರ ತಪ್ಪದೆ ಕೋಡಿಗೆ ಬರುತ್ತಿದ್ದ, ಬಂಗುಡೆ ಸಾರಿನಲ್ಲಿ ಉಣ್ಣುತ್ತಿದ್ದ. ಮಾವನಿಗೆ ಒಳ್ಳೆಯ ಕೃತಕ ಕಾಲು ಮಾಡಿಸಿ ತಂದವನೂ ಅವನೇ. ಕುಷ್ಟ ಆ ಕಾಲು ಕಟ್ಟಿಕೊಂಡು ಬಲೆ ನೇಯುವ ಶೆಡ್ಡಿಗೆ ಹೋಗಿ ಕೂರುತ್ತಿದ್ದ. ಬೋಟಿನವರು ಕಡಲಿನಿಂದ ಬಂದು ಕಾಲೆಳೆಯುತ್ತಿದ್ದರು, ಅದೂ ಇದ್ದದ್ದು ಒಂದೇ ಕಾಲು. "ಗಾಳಿಗ್ ಹೆದ್ರದ ತಾಂಡೇಲ ಸೂಜಿಗ್ ಹೆದ್ರಿ ಕಾಲ್ ಎಳ್ಕಂಡ್ನಂಬ್ರ್!" ಎಂದು ಗಣಪ ನಗುತ್ತಿದ್ದ. ಕುಷ್ಟ ಅವರ ಜೊತೆ ತಾನೂ ನಕ್ಕುಬಿಡುತ್ತಿದ್ದ. ಮನೆಗೆ ಬಂದು ಎಷ್ಟೋ ಸಲ ಉಣ್ಣದೆ ಮಲಗಿದ್ದುಂಟು.

ಭಾನುವಾರ ಅಳಿಯ ಬಂದಾಗ ಕುಷ್ಟ ಏನಾದರೂ ನೆಪ ಹೂಡಿ ಸರಸಳನ್ನು ಅಂಗಡಿಗೆ ಕಳಿಸುತ್ತಿದ್ದ. ಇಬ್ಬರೇ ಉಳಿದಾಗ ಕೇಳುತ್ತಿದ್ದ.

"ಎಂತಾರೂ ಹೇಳುಕಿತ್ತಾ ಮಗಾ?"

"ಎಂತ ಇಲ್ಲ ಮಾವ. ನಿಂಗೆ ಎಂತಾರೂ ಬೇಕಾ?"

ಬೇಡ ಎನ್ನುತ್ತಿದ್ದ ಕುಷ್ಟ. ಹೀಗೇ ಐದಾರು ವರ್ಷ ಸಂದುಹೋದವು. ಅಳಿಯನ ಕೈಕೆಳಗೆ ಅದೇ ವಿದ್ಯೆ ಕಲಿಯುವ ಹೊಸ ಡಾಕ್ಟರುಗಳು ಬಂದರು. ಅವನು ಈಗ ಮೇಷ್ಟ್ರು.

ಆ ಮೇಲೆ ಎಡಗಾಲು ನೋಯತೊಡಗಿತು. ಬ್ರಹ್ಮಾವರದ ಶಾಲೆಯೊಂದರಲ್ಲಿ ರಕ್ತನಾಳದ ಉಚಿತ ಶಿಬಿರ ಇಟ್ಟಿದ್ದರು, ಜಿತೇಂದ್ರನೇ ಅದರ ಮುಖ್ಯಸ್ಥ. ಮಾವನನ್ನು ತನ್ನ ಕಾರಿನಲ್ಲೇ ಕರೆದೊಯ್ದು ಸಾಲಿನಲ್ಲಿ ಕೂರಿಸಿದ. ಕುಷ್ಟನನ್ನು ನೋಡಿದ್ದು ನಿಖಿತಾ ಎಂಬ ಹುಡುಗಿ. ಘಟ್ಟದ ಮೇಲಿನವಳು, ಜಿತೇಂದ್ರನ ಬಳಿ ಕಲಿಯುತ್ತಿದ್ದಳು. ಈ ಮುದುಕ ತನ್ನ ಗುರುವಿಗೆ ಯಾರು ಎಂದು ಅವಳಿಗೆ ತಿಳಿದಿರಲಿಲ್ಲ.

"ಬಲಗಾಲು ಹೇಗೆ ಹೋಯ್ತು ಅಜ್ಜ?"

"ಬೊಂಬಾಯಿಯಂಗೆ ತಂತಿ ಹಾಕುವತಿಗೆ ಹೋಯ್ತ್."

"ಅಯ್ಯೋ! ನೀವೂ ಅಲುಗಿಬಿಟ್ರಾ?" ಎಂದು ಅವಳು ನಕ್ಕಳು, ಕೆಟ್ಟ ನಗುವಲ್ಲ. "ನಮ್ಮ ಸರ್ ಹೊಸಬರಿಗೆ ಹೇಳೋ ಮೊದಲನೇ ಪಾಠವೇ ಅದು. ಮುಂಬೈಯಲ್ಲಿ ಒಬ್ಬ ಪೇಷಂಟ್ ಇದ್ನಂತೆ. ಎಷ್ಟು ಹೇಳಿದ್ರೂ ಕೇಳದೆ ಕಾಲು ಎಳೆದು, ಕಾಲನ್ನೇ ಕಳ್ಕೊಂಡನಂತೆ. ಪೇಷಂಟ್ ಮಾತು ನಂಬಬೇಡಿ, ಕಾಲು ಕಟ್ಟಿಯೇ ತಂತಿ ಮುಟ್ಟಿ ಅಂತಾರೆ."

ಕುಷ್ಟ ತಿರುಗಿ ನೋಡಿದ. ಪಕ್ಕದ ಮೇಜಿನಲ್ಲೇ ಜಿತೇಂದ್ರ ಇನ್ನೊಬ್ಬ ರೋಗಿಯ ಕಾಲು ಮುಟ್ಟಿ ನೋಡುತ್ತಿದ್ದ. ಮಾತು ಅವನ ಕಿವಿಗೂ ಬಿದ್ದಿತ್ತು. ತಲೆ ಎತ್ತಿ ಮಾವನನ್ನು ನೋಡಿದ. ಆ ಮುಖದಲ್ಲಿ ಗಾಬರಿ ಇರಬಹುದು, ನಾಚಿಕೆಯಾದರೂ ಇರಬಹುದು ಎಂದು ಕುಷ್ಟ ಹುಡುಕಿದ. ಕನಿಕರ ಮಾತ್ರ ಇತ್ತು.

ಸಿಟ್ಟು ಬಂತು ಕುಷ್ಟನಿಗೆ. ಅಷ್ಟು ವರ್ಷದಲ್ಲಿ ಅಳಿಯನ ಮೇಲೆ ಬಂದ ಮೊದಲ ಸಿಟ್ಟು ಅದು. ಆದರೆ ಸುತ್ತ ಅವನ ಶಿಷ್ಯರು ನಿಂತಿದ್ದರು. ಎದ್ದ ಮಾತನ್ನು ಅಲ್ಲೇ ನುಂಗಿದ.

ಮಧ್ಯಾಹ್ನ ಕಾರಿನಲ್ಲಿ ವಾಪಸು ಬರುವಾಗ ಕೋಟ ದಾಟಿದರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ರಸ್ತೆ ತುಂಬ ಕೆಂಪು ಧೂಳು. ಕುಷ್ಟನೇ ಮಾತು ತೆಗೆದ.

"ಮಕ್ಕಳಿಗೆ ಬೊಂಬಾಯಿ ಸುದ್ದಿ ಹೇಳ್ಕೊಡ್ತ್ಯಂಬ್ರಲೆ?"

"ಹೇಳ್ದೆ ಇದ್ರೆ ಆತಿಲ್ಲ ಮಾವ, ಅವ್ರ್ ಕಲಿಕಲ್ದಾ? ಹೆಸ್ರ್ ಹೇಳುದಿಲ್ಲ, ಬೇಜಾರ್ ಮಾಡ್ಕಂಬ್ಯಾಡ." ಜಿತೇಂದ್ರ ಕಾರಿನ ವೇಗ ತಗ್ಗಿಸಿದ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಹೇಳುವವನ ಹಾಗೆ ಮಾವನ ಕೈಮೇಲೆ ಕೈಯಿಟ್ಟ. "ಒಂದ್ ಮಾತ್ ಹೇಳ್ತೆ ಕೇಣ್. ಅವತ್ತಿಂದ ಇವತ್ತಿನವರಿಗೆ ನಿನ್ ಮೇಲ್ ನಂಗೆ ಒಂಚೂರೂ ಸಿಟ್ಟಿಲ್ಲ ಮಾವ. ನೋವ್ ಬಂದ್ರೆ ಯಾರಾರೂ ಕಾಲ್ ಎಳಿತ್ರ್. ನೀನೂ ಅದನ್ನ ಮನ್ಸಂಗೆ ಇಟ್ಕಂಬ್ಯಾಡ."

ಕುಷ್ಟ ಅವನ ಮುಖವನ್ನೇ ನೋಡಿದ. ನಟನೆ ಆಗಿದ್ದರೆ ಒಳ್ಳೆಯದಿತ್ತು. ನಟನೆಯಲ್ಲ. ಹುಡುಗ ಬದುಕಿಕೊಳ್ಳಲಿ ಎಂದು ಮಾವ ಹೇಳಿದ ಸುಳ್ಳನ್ನು ಅವನು ಹೊತ್ತುಕೊಂಡು ತಿರುಗಿ, ಹೇಳಿ ಹೇಳಿ, ಯಾವತ್ತೋ ಒಂದು ದಿನ ನಿಜ ಮಾಡಿಕೊಂಡುಬಿಟ್ಟಿದ್ದ. ಈಗ ಅಲ್ಲ ಎಂದರೆ ಅಳಿಯನೇ ನಂಬುವುದಿಲ್ಲ. ಆ ಕೋಣೆಯಲ್ಲಿ ಬಾಯಿಬಿಟ್ಟು ಒಪ್ಪಿಕೊಂಡವನು ಕುಷ್ಟನೇ ಅಲ್ಲವೇ? ಆರು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಕ್ಷಮೆ, ಅದೂ ತನಗೆ.

"ಆಯ್ತ್ ಮಗಾ," ಎಂದ.

ಮನೆಯ ಮುಂದೆ ಇಳಿಸಿ ಜಿತೇಂದ್ರ ಶಿಬಿರಕ್ಕೆ ವಾಪಸು ಹೋದ. ಸರಸ ಅಂಗಳಕ್ಕೆ ಬಂದು ಅಣ್ಣನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು.

"ಎಂತ ಹೇಳ್ರ್ ಅಣ್ಣ, ಕಾಲಿಗೆ?"

"ಮುಂದಿನ್ ವಾರ ತಂತಿ ಹಾಕ್ತ್ರಂಬ್ರ್," ಎಂದ ಕುಷ್ಟ. "ಅಲುಗುಕಾಗ ಅಂಬ್ರ್."