ಗಿರಿಜಾ ಮೇಡಂ ಮಾಡದ ಫೋನು

ಗೆಳೆಯರೇ, ಮನಸ್ಸು ಕುಗ್ಗಿದವರ ಫೋನಿಗೆ ಕಿವಿಯಾಗುವುದು ಅಮೃತಹಳ್ಳಿಯ ನಮ್ಮ ಸಂಸ್ಥೆಯ ಕೆಲಸ. ಸೋಮವಾರ ಮಾತ್ರ ನಮಗೇ ಪರೀಕ್ಷೆ. ಹಿರಿಯರಾದ ಗಿರಿಜಾ ಮೇಡಂ ಕಷ್ಟದಲ್ಲಿರುವವರಂತೆ ನಟಿಸುತ್ತಾ ಹೊರಗಿನಿಂದ ಫೋನ್ ಮಾಡುತ್ತಾರೆ, ನಾವು ಮಾತಾಡಿಸಬೇಕು.

ಇವತ್ತೂ ಹತ್ತಕ್ಕೆ ಸರಿಯಾಗಿ ಫೋನ್ ಬಂತು. ಹೆಣ್ಣುದನಿ, ಬಲು ಲವಲವಿಕೆ. “ಏನಿಲ್ಲಪ್ಪಾ, ಚೆನ್ನಾಗಿದೀನಿ. ತಿಂಡಿ ಆಯ್ತು. ಸುಮ್ನೆ ಮಾಡ್ದೆ.” ಕೊನೆಗೊಂದು ನಗು. ಏನು ಕೇಳಿದರೂ ಅದೇ ಮಾತು, ಅದೇ ಜಾಗದಲ್ಲಿ ಅದೇ ನಗು. ನನಗೆ ತಡೆಯಲಾಗಲಿಲ್ಲ.

“ಸಾಕು ಮೇಡಂ, ಆಕ್ಟಿಂಗ್ ಅಂತ ಗೊತ್ತಾಯ್ತು.”

ನಗು ಥಟ್ಟನೆ ನಿಂತಿತು. ಆಮೇಲೆ ಬೇರೆಯೇ ದನಿ, ತೀರಾ ಮೆಲ್ಲಗೆ: “ಹೆಂಗ್ ಗೊತ್ತಾಯ್ತು ನಿಮ್ಗೆ? ಮನೇಲಿ ಇಷ್ಟ್ ವರ್ಷ ಆದ್ರೂ ಯಾರ್ಗೂ ಗೊತ್ತಾಗಿಲ್ಲ.”

ಭಲೇ ಮೇಡಂ, ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಲ್ಮೆಟ್ ತೆಗೆಯುತ್ತಾ ಗಿರಿಜಾ ಮೇಡಂ ಒಳಗೆ ಬಂದರು. “ಸಾರಿ ಕಣೋ, ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕೊಂಡ್ಬಿಟ್ಟೆ. ಫೋನ್ ಮಾಡೋಕೇ ಆಗ್ಲಿಲ್ಲ.”

ನನ್ನ ಕಿವಿಯಲ್ಲಿ ಫೋನಿನಲ್ಲಿದ್ದ ಆ ಹೆಂಗಸಿನ ಉಸಿರು ಇನ್ನೂ ಕೇಳಿಸುತ್ತಿತ್ತು.

ಮಧ್ಯಾಹ್ನದವರೆಗೆ ಆಕೆಯೂ ನಾನೂ ಮಾತಾಡಿದೆವು. ಏನೆಂದು ಹೇಳುವಂತಿಲ್ಲ. ಈಗ ಆಕೆಯ ಪಕ್ಕದಲ್ಲಿ ಆಕೆಯ ಅಕ್ಕ ಇದ್ದಾರೆ, ಅಷ್ಟು ಸಾಕು.

ಸಂಜೆ ನನ್ನ ಅಮ್ಮ ಫೋನ್ ಮಾಡಿದಳು. “ಹೆಂಗಿದೀಯೋ?”

“ಚೆನ್ನಾಗಿದೀನಮ್ಮಾ. ಕಾಫಿ ಆಯ್ತು,” ಎಂದು ನಕ್ಕೆ. ಬೆಳಗ್ಗೆ ಕೇಳಿದ್ದ ಅದೇ ನಗು.

ಅಮ್ಮ ನಂಬಿದಳು.