ಊರಿನ ಹೆಸರು ಕೇಳದ ನರ್ಸಮ್ಮ

ಜಗಳೂರಿನವಳಾದ ನಾನು ಮೈಸೂರಿನಲ್ಲಿ ನರ್ಸಿಂಗ್ ಕಲಿತು ಹೊನ್ನಾಳಿಯ ಆಸ್ಪತ್ರೆಗೆ ಬಂದಾಗ ಇಪ್ಪತ್ತಮೂರು ವರ್ಷ. ಎರಡನೇ ಮಹಾಯುದ್ಧದ ಕಾಲ. ಗಂಜಿ ಹಾಕಿದ ಬಿಳಿ ಸೀರೆ, ಕಟ್ಟು ಹಾಕಿಸಿದ ಸರ್ಟಿಫಿಕೇಟು, ಇವೆರಡನ್ನೂ ಮೀರಿಸುವಷ್ಟು ಜಂಬ ನನ್ನ ಜೊತೆ ಬಂದಿದ್ದವು. ಸರ್ಟಿಫಿಕೇಟನ್ನು ಬಾಡಿಗೆ ಕೋಣೆಯ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೆ. ಹಾಲು ಹಾಕುವ ಅಜ್ಜಿ ಅದನ್ನು ದೇವರ ಪಟವೆಂದು ತಿಳಿದು ಕೈಮುಗಿಯುತ್ತಿದ್ದಳು. ನಾನು ತಿದ್ದಲಿಲ್ಲ.

ಆಗ ಔಷಧಿಗೆ ಬರುವವರು ಮನೆಯಿಂದಲೇ ಸೀಸೆ ತರಬೇಕಿತ್ತು. ಕಾಂಪೌಂಡರು ಅದಕ್ಕೆ ಔಷಧಿ ತುಂಬಿ, ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತೋರಿಸುವ ಕಾಗದದ ಪಟ್ಟಿ ಅಂಟಿಸಿ, ಹೆಸರು, ಗಂಡನ ಹೆಸರು, ಊರು ಬರೆದಿಡುತ್ತಿದ್ದರು. ಹೆಂಗಸರ ಕಡೆಯ ಕಿಟಕಿಯಲ್ಲಿ ನಿಂತು ಹೆಸರು ಕೂಗಿ ಕೊಡುವುದು ನನ್ನ ಕೆಲಸ. ಒಂದೇ ಹೆಸರಿನವರು ಬೇಕಾದಷ್ಟು ಮಂದಿ. ಆದ್ದರಿಂದ ಗಂಡನ ಹೆಸರು ಕೇಳಬೇಕೆಂದು ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು. ಈ ಕಡೆಯ ಹೆಂಗಸರು ಸತ್ತರೂ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ಹೇಳಿಕೊಟ್ಟಿರಲಿಲ್ಲ. ಜಗಳೂರಿನಲ್ಲಿ ನನ್ನ ಅವ್ವನೇ ಹೇಳಿದವಳಲ್ಲ. ಅದು ನನಗೆ ನೆನಪಾಗಬೇಡವೇ?

ಒಂದು ಸಂತೆಯ ದಿನ ಒಂದೇ ಹೆಸರಿನ ಎರಡು ಸೀಸೆ ನನ್ನ ಮುಂದಿದ್ದವು. ಒಂದು ಊರೊಳಗಿನ ಬಾಣಂತಿಯದು. ಹೆರಿಗೆಯಾದ ಮೇಲೆ ಅವಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಗರ್ಭಕೋಶ ಬಿಗಿಯಾಗಲೆಂದು ಡಾಕ್ಟರು ಎರ್ಗಟ್ ಬರೆದಿದ್ದರು. ಇನ್ನೊಂದು ಸಾಸ್ವೆಹಳ್ಳಿಯ ಆರು ತಿಂಗಳ ಬಸುರಿಯದು, ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಔಷಧಿ. ಬಾಣಂತಿಯನ್ನು ಉಳಿಸುವ ಎರ್ಗಟ್ ಬಸುರಿಯ ಹೊಟ್ಟೆಗೆ ಹೋದರೆ ಗರ್ಭವೇ ಇಳಿದುಬಿಡಬಹುದು. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ.

ಹೆಸರು ಕೂಗಿದೆ. ಸಾಸ್ವೆಹಳ್ಳಿಯವಳು ಮುಂದೆ ಬಂದಳು.

"ಗಂಡನ ಹೆಸರೇನು?"

ಅವಳು ನೆಲ ನೋಡಿದಳು. ಹಿಂದಿನಿಂದ ನೂಕಾಟ. ನನ್ನ ತಾಳ್ಮೆ ಮುಗಿಯಿತು. ಕೈಗೆ ಸಿಕ್ಕ ಸೀಸೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೋದ ಸಲದ್ದು ಜೇನಿನ ಬಣ್ಣ ಇತ್ತಲ್ರೀ ನರ್ಸಮ್ಮಾರೇ. ಇದು ಕಾಚು ಕರಗಿಸಿದಂಗೈತೆ."

"ಬಣ್ಣ ಆರಿಸಾಕೆ ನೀನೇನು ಸೀರೆ ತಗಳಾಕೆ ಬಂದೀಯಾ? ಕೊಟ್ಟಿದ್ದು ಕುಡಿ, ಹೋಗು!"

ಸುತ್ತಲಿದ್ದವರು ನಕ್ಕರು. ಒಳ್ಳೆಯ ಮಾತಾಡಿದೆನೆಂದು ನಾನೂ ಹಿಗ್ಗಿದೆ. ಸ್ವಲ್ಪ ಹೊತ್ತಿಗೆ ಬಾಣಂತಿಯ ತಾಯಿ ಬಂದು, ಉಳಿದ ಸೀಸೆಯನ್ನು ತೆಗೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಆ ತಾಯಿ ಮತ್ತೆ ಬಂದಳು. "ನಿಮ್ಮ ಔಷಧಿ ಕುಡಿದು ಮಗಳ ಹಲ್ಲೆಲ್ಲ ಕಪ್ಪಗಾಗ್ಯಾವೆ. ರಕ್ತ ಹೋಗಾದು ಮಾತ್ರ ಹಂಗೇ ಐತೆ."

ಹಲ್ಲು ಕಪ್ಪಾಗುವುದು ಕಬ್ಬಿಣದ ಔಷಧಿಯಿಂದ. ಅದನ್ನು ಇವಳ ಮಗಳು ಕುಡಿದಿದ್ದರೆ ಎರ್ಗಟ್ ಎಲ್ಲಿ ಹೋಯಿತು? ಆ ಕ್ಷಣದಲ್ಲಿ ಮೊದಲು ಕಣ್ಣಿಗೆ ಕಟ್ಟಿದ್ದು ಆ ಬಸುರಿಯಲ್ಲ, ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಡಾಕ್ಟರ ಬಳಿ ಹೋಗಿ ಹೇಳಿಕೊಂಡೆ. ಅವರು ಬಾಣಂತಿಗೆ ಸರಿಯಾದ ಔಷಧಿ ಕೊಡಿಸಿ, ತಾವೇ ನೋಡಲು ಹೊರಟರು. ಹೋಗುತ್ತ, "ಬೈಯೋದು ಆಮೇಲೆ. ನೀವು ಮೊದಲು ಬಸ್ ಹಿಡೀರಿ," ಎಂದರು.

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳವು. ಸಣ್ಣ ಏರು ಬಂದರೂ ನಿಲ್ಲುತ್ತಿದ್ದವು. ಎಲ್ಲರೂ ಇಳಿದು ತಳ್ಳಬೇಕು. ಗಂಜಿ ಸೀರೆ ಉಟ್ಟು ನಾನೂ ತಳ್ಳಿದೆ. ಬಸ್ಸು ಹೊರಟಿತು, ಮಸಿಯೆಲ್ಲ ನನ್ನ ಮುಖಕ್ಕೆ ಬಂತು. ಸಾಸ್ವೆಹಳ್ಳಿಯಲ್ಲಿ ಇಳಿದವಳನ್ನು ನೋಡಿ ಒಂದು ಮಗು ಅಳುತ್ತಾ ಓಡಿತು.

ಮನೆ ಹುಡುಕಿಕೊಂಡು ಹೋದಾಗ ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

"ಔಷಧಿ ಕುಡಿದ್ಯಾ?" ಎಂದು ನಾನು ಕೂಗಿಯೇಬಿಟ್ಟೆ.

"ಇಲ್ರೀ," ಎಂದಳು ಬೆದರಿ. "ಬಣ್ಣ ಬ್ಯಾರೆ ಐತೆ ಅಂತ ಅನುಮಾನ ಬಂತು. ಕೇಳಿದ್ರೆ ನೀವು ಬೈದ್ರಿ. ಮುಂದಿನ ಸಂತಿಗೆ ಡಾಕ್ಟರನ್ನೇ ಕೇಳಾಣ ಅಂತ ಇಟ್ಟೀನಿ." ಗೋಡೆಯ ಗೂಡಿನಿಂದ ಸೀಸೆ ತಂದು ಕೊಟ್ಟಳು. ಔಷಧಿ ಪಟ್ಟಿಯ ಒಂದು ಗೆರೆಯಷ್ಟೂ ಇಳಿದಿರಲಿಲ್ಲ.

ನಾನು ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಬಸ್ಸಿನಲ್ಲಿ ತಲೆ ಸುತ್ತಿರಬೇಕೆಂದು ಅವಳ ಅತ್ತೆ ಮಜ್ಜಿಗೆ ತಂದಳು. ಅದನ್ನು ಕುಡಿದು ಸುಮ್ಮನೆ ಎದ್ದು ಬರಬಹುದಿತ್ತು. ಹಾಗೆ ಮಾಡೋಣವೆಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೂ ಬಾಯಿಬಿಟ್ಟೆ.

"ನಾನು ತಪ್ಪು ಔಷಧಿ ಕೊಟ್ಟಿದ್ದೆ ಕಣವ್ವಾ. ಕುಡಿದಿದ್ರೆ ಕೂಸಿಗೆ ಅಪಾಯ ಇತ್ತು."

ಅತ್ತೆಯ ಮುಖ ಬದಲಾಯಿತು. "ಓದಿದಾಕಿ ಅಂತ ನಂಬಿ ಕಳಿಸಿದ್ನಲ್ಲೇ ತಾಯಿ! ನನ್ನ ಸೊಸೆ ನಿನ್ನ ಮಾತು ಕೇಳಿ ಕುಡಿದಿದ್ರೆ ಏನು ಗತಿ?"

ತಲೆ ತಗ್ಗಿಸಿ ಕೂತೆ. ಅವಳು ಇನ್ನೂ ಬಹಳ ಹೊತ್ತು ಬೈದಳು. ಬೈದಷ್ಟೂ ನ್ಯಾಯವೇ ಆಗಿತ್ತು.

ಕೊನೆಗೆ ಸೊಸೆಯೇ ನಡುವೆ ಬಂದಳು. "ಗಂಡನ ಹೆಸರು ನಾವು ಹೇಳಾಕಾಗಲ್ರೀ. ಊರು ಯಾವುದು, ಎಷ್ಟು ತಿಂಗಳು ಅಂತ ಕೇಳ್ರಿ. ಅದನ್ನ ಹೇಳಾಕೆ ನಮಗೆ ಯಾವ ನಾಚಿಕಿ?"

ಇಷ್ಟು ಸುಲಭದ ಮಾತು ನನ್ನ ಓದಿದ ತಲೆಗೆ ಹೊಳೆದಿರಲಿಲ್ಲ.

ಡಾಕ್ಟರು ಬೈಯುವುದನ್ನು ಮರೆಯಲಿಲ್ಲ, ಕಡಿಮೆಯೂ ಬೈಯಲಿಲ್ಲ. ಬಾಣಂತಿ ವಾರದೊಳಗೆ ಚೇತರಿಸಿಕೊಂಡಳು. ಸಾಸ್ವೆಹಳ್ಳಿಯವಳಿಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಹೆರಿಗೆಗೆ ನನ್ನನ್ನೇ ಕರೆಸಿದರು. ಆದರೆ ನಾನು ಮುಟ್ಟಿದ ಸೀಸೆಯನ್ನೆಲ್ಲ ಅತ್ತೆ ಮೂಸಿ ನೋಡಿ, "ಇದು ಏತಕ್ಕೆ?" ಎಂದು ಕೇಳಿಯೇ ಬಿಡುತ್ತಿದ್ದಳು.

ಆಮೇಲೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿ ಹೊಸದಾಗಿ ಬಂದ ನರ್ಸುಗಳಿಗೆ ನಾನು ಗಂಭೀರವಾಗಿ ಪಾಠ ಹೇಳುತ್ತಿದ್ದೆ: ಊರು ಕೇಳಿ, ತಿಂಗಳು ಕೇಳಿ, ಕಾಯಿಲೆಯನ್ನು ಅವರ ಬಾಯಿಂದಲೇ ಹೇಳಿಸಿ, ಅವರು ಅನುಮಾನಪಟ್ಟರೆ ಸೀಸೆ ವಾಪಸ್ಸು ತೆಗೆದುಕೊಳ್ಳಿ. ಎಲ್ಲರೂ ನನ್ನನ್ನು ಬಹಳ ಬುದ್ಧಿವಂತೆ ಎಂದುಕೊಂಡರು. ಎರಡು ವರ್ಷ ನಾನು ಅವರನ್ನು ಹಾಗೆಯೇ ಬಿಟ್ಟೆ. ಒಂದು ದಿನ ಒಬ್ಬಳು, "ಇದು ಯಾವ ಪುಸ್ತಕದಾಗೈತೆ ಅಕ್ಕಾ?" ಎಂದು ಕೇಳಿದಳು. ಯಾವುದಾದರೂ ದಪ್ಪ ಪುಸ್ತಕದ ಹೆಸರು ಹೇಳೋಣವೆಂದು ಯೋಚಿಸಿದೆ. ಒಂದೂ ನೆನಪಿಗೆ ಬರಲಿಲ್ಲ. ಹಾಗಾಗಿ ನಿಜ ಹೇಳಬೇಕಾಯಿತು.